ಪ್ರಸಂಗಕ್ಕೂ ಮೊದಲಿನ ಪಾಠ

ಹಬ್ಬ ಮುಗಿದ ಮರುದಿನ ಅರಸೀಕೆರೆ ಜಂಕ್ಷನ್ನಿನಲ್ಲಿ ನಿಂತರೆ ಕಣಕಟ್ಟೆ ಹೋಬಳಿಯ ಹೆಣ್ಣುಮಕ್ಕಳು ಬೆಂಗಳೂರಿನ ರೈಲಿಗೆ ಕಾಯುತ್ತಿರುತ್ತಾರೆ. ಕೈಯಲ್ಲಿ ರಾಗಿಹಿಟ್ಟಿನ ಚೀಲ, ನಾಲ್ಕು ತೆಂಗಿನಕಾಯಿ, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ. ಯಶವಂತಪುರದಲ್ಲಿ ಇಳಿದು ಪೀಣ್ಯದ ಗಾರ್ಮೆಂಟ್ಸ್ ಕಡೆ ಹೋಗುವ ಈ ಮಕ್ಕಳ ಕಷ್ಟಸುಖ ಅಲ್ಲಿ ಯಾರು ಕೇಳುತ್ತಾರೆ ಎಂಬ ಚಿಂತೆ ನನಗೆ.

ಕೇಳಬೇಕಾದವರಲ್ಲಿ ಸಭಾಪಾಲಕಿಯರೂ ಇರಬೇಕು. ದೇವರ ಸೇವೆಗೆಂದು ಹೆಣ್ಣುಮಕ್ಕಳೂ ಓದುವ ಸಂಸ್ಥೆಗಳು ನಮ್ಮಲ್ಲಿವೆ. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜು 1910ರಲ್ಲಿ ಶುರುವಾದದ್ದು. ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಶನ್ನಿನ ಪರಂಪರೆ ಹೊತ್ತ ಕರ್ನಾಟಕ ಥಿಯಾಲಜಿಕಲ್ ಕಾಲೇಜಿದೆ. ಹಿಂದೆ ಬೈಬಲ್ ಸ್ತ್ರೀಯರೆಂದು ಕರೆಸಿಕೊಂಡವರು ಮನೆಮನೆಗೆ ನಡೆದು ಓದು ಕಲಿಸಿ, ಬಾಣಂತಿಯರ ಪಕ್ಕ ಕೂತರು. ದೀಕ್ಷೆಯ ಗೌರವ ಮಾತ್ರ ಅವರಿಗಿರಲಿಲ್ಲ. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಗೆ ಮಹಿಳಾ ಬಿಷಪ್ ಬರಲು 2013ರವರೆಗೆ ಕಾಯಬೇಕಾಯಿತು. ಆ ವರ್ಷ ಇ. ಪುಷ್ಪಲಲಿತ ನಂದ್ಯಾಲದ ಬಿಷಪ್ ಆದರು. ಅತ್ತ ಲಿಂಗಾಯತರಲ್ಲಿ ಮಾತೆ ಮಹಾದೇವಿ 1970ರಲ್ಲೇ ಧಾರವಾಡದಲ್ಲಿ ಜಗದ್ಗುರು ಪೀಠವೇರಿದ್ದರು.

ಬಾಗಿಲೇನೋ ತೆರೆದಿದೆ. ಒಳಗೆ ಬಂದವಳಿಗೆ ಏನು ಕಲಿಸಬೇಕು? ಗ್ರೀಕ್, ಹೀಬ್ರೂ, ಸಭಾ ಚರಿತ್ರೆ ಎಲ್ಲವೂ ಬೇಕು. ಜೊತೆಗೆ ಶಿಫ್ಟಿನ ಗಂಟೆಯೂ ತಿಳಿದಿರಬೇಕು. ವಾರಕ್ಕೊಂದೇ ರಜೆ ಇರುವವಳಿಗೆ ಭಾನುವಾರವೆಂದರೆ ಬಟ್ಟೆ ಒಗೆಯುವ, ನೀರು ಹಿಡಿಯುವ, ಊರಿಗೆ ಫೋನ್ ಮಾಡುವ ದಿನ. ಆರಾಧನೆಗೇಕೆ ಬರಲಿಲ್ಲ ಎಂದು ಕೇಳುವ ಮೊದಲು ಅವಳ ನಲ್ಲಿಯ ಮುಂದಿನ ಸಾಲನ್ನು ಸಭಾಪಾಲಕಿ ಕಂಡಿರಬೇಕು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೆಂಗಳೂರಿನ ಬೀದಿಗಿಳಿದರು. ಕೇಂದ್ರ ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ಬೆವರಿನ ಲೆಕ್ಕ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ದುಡಿಯುವ ಹೆಣ್ಣಿನಿಂದ ಕಲಿಯುವುದಕ್ಕೆ ನಮ್ಮ ನೆಲದಲ್ಲಿ ಹಳೆಯ ಪಾಠವೊಂದಿದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಬದುಕುತ್ತಿದ್ದ ಶರಣೆ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ ಮರಳಿ ಸುರಿದು ಬನ್ನಿ ಎಂದಳೆಂಬ ಕಥೆ ಮನೆಮಾತು. ಧರ್ಮದ ಮಾತು ಅಲ್ಲಿ ಮಡಿಲಿನ ಅಕ್ಕಿಯಿಂದ ಎದ್ದಿತು, ದುಡಿಯುವ ಹೆಣ್ಣೇ ಗುರುವಾದಳು.

ಕಣಕಟ್ಟೆಯಿಂದ ಹೋಗುವ ಹುಡುಗಿಯರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಸೇವೆ ಮತಕ್ಕೆ ಸೆಳೆಯುವ ನೆಪವಾದರೆ ನಂಬಿಕೆ ಅಂದೇ ಮುರಿಯುತ್ತದೆ. ಜ್ವರ ಬಂದವಳಿಗೆ ಇಎಸ್ಐ ಆಸ್ಪತ್ರೆಯ ದಾರಿ ತೋರುವುದು, ಸೂಪರ್‌ವೈಸರ್‌ನ ಬೈಗುಳದಿಂದ ನೊಂದವಳ ಮಾತಿಗೆ ಕಿವಿಯಾಗುವುದು, ಕೇಳಿದ್ದನ್ನು ಹೊರಗೆ ಆಡದಿರುವುದು, ಇವಿಷ್ಟೂ ಪೂಜ್ಯ ಕೆಲಸಗಳೇ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ದೀಕ್ಷೆಗೆ ಮುನ್ನ ಪ್ರತಿ ವಿದ್ಯಾರ್ಥಿನಿ ಕೆಲವು ತಿಂಗಳು ಪೀಣ್ಯದ ವಠಾರವೊಂದರಲ್ಲಿ ಬಾಡಿಗೆಗೆ ಇರಲಿ. ಬೆಳಗಿನ ನಲ್ಲಿಯ ಮುಂದೆ ತನ್ನ ಬಿಂದಿಗೆ ಇಟ್ಟು, ಸರದಿಗೆ ಕಾಯಲಿ. ಮುಂದಿನವಳು ಅರಸೀಕೆರೆ ಕಡೆಯವಳಾಗಿದ್ದರೆ, “ಊರಲ್ಲಿ ಮಳೆ ಆಯ್ತೇನಕ್ಕ?” ಎಂದು ಕೇಳಲಿ. ಅವಳ ಮೊದಲ ಪ್ರಸಂಗ ಆ ಉತ್ತರವನ್ನು ಕೇಳಿಸಿಕೊಂಡ ಮೇಲೆ ಶುರುವಾಗಲಿ.