ಬೆನ್ನುಹುರಿಗೆ ಬೇರು-ನಾರಿನ ಮದ್ದು

ಹೊಳಲ್ಕೆರೆ, ಹೊಸದುರ್ಗದ ತೋಟಗಳಲ್ಲಿ ಅಡಿಕೆ ಕೊಯ್ಲು ಶುರುವಾದರೆ ಮರದಿಂದ ಬಿದ್ದವರ ಸುದ್ದಿಯೂ ಶುರುವಾಗುತ್ತದೆ. ಹಿರಿಯೂರು, ಚಿತ್ರದುರ್ಗದ ಹೆದ್ದಾರಿಯ ಅಪಘಾತಗಳದ್ದು ಇನ್ನೊಂದು ಪಾಲು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರ ಮನೆಗೆ ನೆಂಟರ ಹಿಂದೆಯೇ ಎಣ್ಣೆ, ಕಷಾಯ, ಪುಡಿಯ ಪೊಟ್ಟಣ ಹಿಡಿದವರೂ ಬರುತ್ತಾರೆ. ಇಷ್ಟು ತಿಂಗಳಲ್ಲಿ ಎದ್ದು ಓಡಾಡಿಸುತ್ತೇವೆ ಎನ್ನುತ್ತಾರೆ. ಮನೆಯವರು ಒಡವೆ ಅಡವಿಟ್ಟು ಕೊಳ್ಳುತ್ತಾರೆ.

ಗಿಡಮೂಲಿಕೆಯಲ್ಲಿ ಹುರುಳಿಲ್ಲ ಎಂದು ನಾವು ಹೇಳುತ್ತಿಲ್ಲ. ಬೆನ್ನುಹುರಿಯ ನಷ್ಟ ಪೆಟ್ಟು ಬಿದ್ದ ಕ್ಷಣಕ್ಕೇ ಮುಗಿಯುವುದಿಲ್ಲ. ಮುಂದಿನ ಗಂಟೆ, ದಿನಗಳಲ್ಲಿ ಗಾಯದ ಸುತ್ತ ಉರಿಯೂತ ಏಳುತ್ತದೆ, ಬಾವು ಒತ್ತುತ್ತದೆ, ಪೆಟ್ಟಿನಿಂದ ಪಾರಾಗಿದ್ದ ನರಕೋಶಗಳೂ ಸಾಯುತ್ತವೆ. ಈ ಎರಡನೇ ನಷ್ಟವನ್ನಾದರೂ ತಡೆಯಬಹುದೇ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಅರಿಶಿನದ ಕರ್ಕ್ಯುಮಿನ್ ಕೊಟ್ಟಾಗ ಗಾಯಗೊಂಡ ಇಲಿಗಳಲ್ಲಿ ಉರಿಯೂತ ತಗ್ಗಿ ಹಿಂಗಾಲಿನ ಚಲನೆ ಸುಧಾರಿಸಿದ್ದನ್ನು ಹಲವು ಪ್ರಯೋಗಾಲಯಗಳು ಕಂಡಿವೆ. ನಾವು ಹಿರೇಮದ್ದು ಎನ್ನುವ ಅಶ್ವಗಂಧದ ಒಂದು ಅಂಶ ಸುಂಡಿಲಿಗಳಲ್ಲಿ ನರತಂತುಗಳು ಬೆಳೆಯಲು ನೆರವಾಯಿತೆಂದು ಜಪಾನಿನ ತೊಯಾಮಾದ ಸಂಶೋಧಕರು 2007ರಲ್ಲಿ ವರದಿ ಮಾಡಿದರು.

ಆದರೆ ಇಲಿಗೆ ಮದ್ದು ಸಿಗುವುದು ಪೆಟ್ಟಾದ ಸ್ವಲ್ಪ ಹೊತ್ತಿನಲ್ಲೇ, ಅದೂ ಅಳೆದು, ಬಹುಪಾಲು ಸೂಜಿಯ ಮೂಲಕ. ನಮ್ಮ ಮನೆಗಳಿಗೆ ಪೊಟ್ಟಣ ಬರುವುದು ವಾರಗಳು ಕಳೆದ ಮೇಲೆ. ಬಾಯಿಯ ಮೂಲಕ ನುಂಗಿದ್ದು ರಕ್ತಕ್ಕೆ ಎಷ್ಟು ಸೇರುತ್ತದೆ ಎಂಬುದನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲೇ ತೋರಿಸಿದ್ದಾರೆ: 2 ಗ್ರಾಂ ಕರ್ಕ್ಯುಮಿನ್ ತಿಂದವರ ರಕ್ತದಲ್ಲಿ ಅದು ಸಿಕ್ಕಿದ್ದು ತೀರಾ ಅತ್ಯಲ್ಪ. ಕರಿಮೆಣಸಿನ ಪೈಪರೀನ್ 20 ಮಿಲಿಗ್ರಾಂ ಸೇರಿಸಿದಾಗ ಹೀರಿಕೆ ಬಹಳ ಹೆಚ್ಚಿತು, ನಿಜ. ಆದರೆ ಪೈಪರೀನ್ ರೋಗಿ ತೆಗೆದುಕೊಳ್ಳುತ್ತಿರುವ ಬೇರೆ ಔಷಧಗಳ ಮಟ್ಟವನ್ನೂ ಏರಿಸಬಲ್ಲದು. ವೈದ್ಯರಿಗೆ ತಿಳಿಸದೆ ನುಂಗುವ ಪುಡಿಯಲ್ಲಿ ಈ ಅಪಾಯವೂ ಇದೆ.

ಮನುಷ್ಯರ ಮೇಲೆ ಪರೀಕ್ಷೆಗೊಳಗಾದ ಔಷಧಗಳೂ ಸೋತದ್ದುಂಟು. ಪೆಟ್ಟಾದ 8 ಗಂಟೆಯೊಳಗೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಕೊಟ್ಟರೆ ಲಾಭ ಎಂದು 1990ರಲ್ಲಿ ಜಗತ್ತೇ ನಂಬಿತ್ತು. 2013ರಲ್ಲಿ ಅಮೆರಿಕದ ನರಶಸ್ತ್ರವೈದ್ಯರ ಮಾರ್ಗಸೂಚಿ ಅದು ಬೇಡ ಎಂದಿತು. ಹಾಗಿರುವಾಗ ಇಲಿಯ ಫಲಿತಾಂಶವನ್ನು ಹೊಸದುರ್ಗದ ಕೂಲಿಕಾರನಿಗೆ ಗ್ಯಾರಂಟಿ ಎಂದು ಮಾರುವುದು ಕ್ರೌರ್ಯ.

ಅದು ಕಾನೂನಿಗೂ ವಿರುದ್ಧ. ಪಾರ್ಶ್ವವಾಯು, ಸ್ವಾಧೀನ ನಷ್ಟ ವಾಸಿಮಾಡುತ್ತೇವೆಂಬ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಗೋಡೆಬರಹ, ಕರಪತ್ರ, ವಾಟ್ಸ್‌ಆ್ಯಪ್ ವಿಡಿಯೊ ಯಾವುದಾದರೂ ಸರಿ, ಜಿಲ್ಲಾಡಳಿತ ದೂರಿಗೆ ಕಾಯದೆ ಕ್ರಮ ಕೈಗೊಳ್ಳಲಿ. ಜೊತೆಗೆ ನಿಮ್ಹಾನ್ಸ್‌ನಂಥ ಸಂಸ್ಥೆ ನಮ್ಮ ಜಿಲ್ಲಾಸ್ಪತ್ರೆಯನ್ನು ಸೇರಿಸಿಕೊಂಡು ಈ ಗಿಡಮೂಲಿಕೆಗಳ ಅಂಶಗಳನ್ನು ಮನುಷ್ಯರಲ್ಲಿ ಶಿಸ್ತಾಗಿ ಪರೀಕ್ಷಿಸಲಿ, ಸರ್ಕಾರ ಹಣ ಕೊಡಲಿ. ಮರದಿಂದ ಬೀಳುವವರು ಇಲ್ಲಿರುವಾಗ ಉತ್ತರವೂ ಇಲ್ಲಿಂದಲೇ ಬರಬೇಕು.

ಅಲ್ಲಿಯವರೆಗೆ, ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ, ಕೂರಿಸಬೇಡಿ. ಕುತ್ತಿಗೆ, ಬೆನ್ನು ಅಲುಗದಂತೆ ಮಲಗಿಸಿ 108ಕ್ಕೆ ಕರೆ ಮಾಡಿ. ಮನೆಗೆ ಬಂದ ಮೇಲೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕಿನಿಂದಲೇ ಇವರಲ್ಲಿ ಅನೇಕರು ಸಾಯುತ್ತಾರೆ. ಪುಡಿಗೆ ಎತ್ತಿಟ್ಟ ಹಣ ಫಿಸಿಯೋಥೆರಪಿಗೆ, ಗಾಳಿಹಾಸಿಗೆಗೆ ಹೋಗಲಿ.