ಬಲ್ಲವರ ನಗೆ, ಹೊರಗುಳಿದವರ ಪಾಡು: ಚಿತ್ರರಂಗವನ್ನು ಕುರಿತ ಹಿಂದಿ ಚಿತ್ರಗಳು

ಚಲನಚಿತ್ರ ನಿರ್ಮಾಣವನ್ನೇ ವಸ್ತುವಾಗಿಸಿಕೊಂಡ ಹಿಂದಿ ಚಿತ್ರಗಳಲ್ಲಿ ಎರಡು ಅಂಶಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಒಂದು, ಪ್ರಸಿದ್ಧ ತಾರೆಯರು ತಮ್ಮ ಸ್ವಂತ ಹೆಸರಿನಲ್ಲಿಯೇ ಕೆಲವು ಕ್ಷಣ ತೆರೆಯ ಮೇಲೆ ಬಂದುಹೋಗುವುದು. ಇನ್ನೊಂದು, ಚಿತ್ರರಂಗದ ಒಳಸಂಗತಿಗಳನ್ನು ಬಲ್ಲವರಿಗೆ ಮಾತ್ರ ನಗು ತರಿಸುವ ಸೂಚನೆಗಳು. ಸಂಸ್ಕೃತಿ ಅಧ್ಯಯನದ ಬರಹಗಳು ಇವನ್ನು ಅಂತರ್‌ಪಠ್ಯೀಯತೆ, ಸ್ವವಿಡಂಬನೆ ಮುಂತಾದ ಪರಿಭಾಷೆಗಳಲ್ಲಿ ಗುರುತಿಸಿ ಮೆಚ್ಚುವುದುಂಟು. ಆದರೆ ಒಂದು ಪಠ್ಯ ಮತ್ತೊಂದು ಪಠ್ಯವನ್ನು ನೆನಪಿಸುತ್ತದೆ ಎಂಬುದನ್ನು ಪತ್ತೆಹಚ್ಚಿದ ಮಾತ್ರಕ್ಕೆ ವಿಮರ್ಶೆಯ ಕೆಲಸ ಮುಗಿಯುವುದಿಲ್ಲ. ಆ ನಗೆಯಲ್ಲಿ ಪಾಲುದಾರರು ಯಾರು, ಅದಕ್ಕೆ ಗುರಿಯಾದವರು ಯಾರು ಎಂಬ ಪ್ರಶ್ನೆಗಳನ್ನೂ ಅದು ಎತ್ತಬೇಕಾಗುತ್ತದೆ.

ಧ್ವನಿಯನ್ನು ಗ್ರಹಿಸಲು ಸಹೃದಯನಿಗೆ ಕಾವ್ಯಸಂಸ್ಕಾರ ಬೇಕೆಂದು ನಮ್ಮ ಕಾವ್ಯಮೀಮಾಂಸೆ ಹೇಳುತ್ತದೆ. ಚಿತ್ರರಂಗದ ಒಳಹಾಸ್ಯಕ್ಕೆ ಬೇಕಾಗುವುದು ಬೇರೆ ಬಗೆಯ ಸಿದ್ಧತೆ: ಯಾರು ಯಾರ ಮಗ, ಯಾರಿಗೆ ಯಾರ ಮೇಲೆ ಮುನಿಸು, ಯಾರ ಯಾವ ಚಿತ್ರ ಸೋತಿತು ಎಂಬ ಮಾಹಿತಿ. ಯಕ್ಷಗಾನದ ಹಾಸ್ಯಗಾರನು ಊರಿನ ಸಂಗತಿಯೊಂದನ್ನು ಪ್ರಸಂಗದ ನಡುವೆ ತಂದಾಗ ಆ ಊರಿನ ಸಭೆಯಲ್ಲಿ ಕುಳಿತವರೆಲ್ಲರೂ ಅದರ ಹಕ್ಕುದಾರರಾಗಿರುತ್ತಾರೆ. ಮುಂಬಯಿಯ ಚಿತ್ರೋದ್ಯಮದ ಒಳಹಾಸ್ಯವಾದರೋ ದೂರದ ಪ್ರೇಕ್ಷಕನಿಗೂ ತಾನು ಒಳಗಿನವನೆಂಬ ಭ್ರಮೆಯನ್ನು ಕೊಡುತ್ತದೆ. ಒಳಗೆ ಪ್ರವೇಶವನ್ನು ಮಾತ್ರ ಕೊಡುವುದಿಲ್ಲ.

ಈ ದೃಷ್ಟಿಯಿಂದ ಫರಾ ಖಾನ್ ನಿರ್ದೇಶನದ 'ಓಂ ಶಾಂತಿ ಓಂ' (2007) ಮಹತ್ವದ ಉದಾಹರಣೆ. ಸುಭಾಷ್ ಘಾಯ್ ಅವರ 'ಕರ್ಜ್' (1980), ಬಿಮಲ್ ರಾಯ್ ಅವರ 'ಮಧುಮತಿ' (1958) ಚಿತ್ರಗಳ ಪುನರ್ಜನ್ಮದ ಕಥನವನ್ನು ಅದು ಮರುಬಳಸುತ್ತದೆ. 'ಕರ್ಜ್' ಚಿತ್ರದ ಹಾಡಿನ ಚಿತ್ರೀಕರಣವೇ ಅದರ ಆರಂಭ. ಗುಂಪಿನಲ್ಲಿ ಕುಣಿಯುವ ಜೂನಿಯರ್ ಆರ್ಟಿಸ್ಟ್ ಓಂ ಪ್ರಕಾಶ್ ಮಖೀಜಾ ಅದರ ನಾಯಕ. ಹೆಸರಿಲ್ಲದ ಸಹಕಲಾವಿದನೊಬ್ಬನನ್ನು ಕೇಂದ್ರದಲ್ಲಿ ನಿಲ್ಲಿಸಿದ್ದು ಈ ಚಿತ್ರದ ಹಿರಿಮೆ. ಆದರೆ ಆ ಬಡವನಿಗೆ ಆ ಜನ್ಮದಲ್ಲಿ ನ್ಯಾಯ ಸಿಗುವುದಿಲ್ಲ. ಅವನು ತಾರೆಯೊಬ್ಬನ ಮಗನಾಗಿ ಮತ್ತೆ ಹುಟ್ಟಬೇಕಾಗುತ್ತದೆ. ಸುಮಾರು ಮೂವತ್ತು ತಾರೆಯರು ಒಬ್ಬೊಬ್ಬರಾಗಿ ಬಂದು ಕುಣಿಯುವ ಪ್ರಸಿದ್ಧ ಹಾಡು ಬರುವುದು ಈ ಎರಡನೆಯ ಜನ್ಮದಲ್ಲಿಯೇ. ಅತಿಥಿಗಳು ಬರುವುದು ಓಂ ಕಪೂರನ ಮನೆಗೆ. ಓಂ ಮಖೀಜಾನ ಓಣಿಗೆ ಯಾರೂ ಬಂದಿರಲಿಲ್ಲ. ಪ್ರೇಕ್ಷಕರು ಮುಖಗಳನ್ನು ಗುರುತಿಸುವ ಸಂತೋಷದಲ್ಲಿರುವಾಗ ಕಥೆಯ ಈ ಕಹಿ ತಿರುಳು ಕಣ್ಣಿಗೆ ಬೀಳದೆ ಹೋಗುತ್ತದೆ.

ಪ್ರಶಸ್ತಿ ಸಮಾರಂಭದ ದೃಶ್ಯದಲ್ಲಿ ಅಕ್ಷಯ್ ಕುಮಾರ್, ಅಭಿಷೇಕ್ ಬಚ್ಚನ್ ತಮ್ಮನ್ನು ತಾವೇ ಅಣಕಿಸಿಕೊಳ್ಳುತ್ತಾರೆ. ಶಾರುಖ್ ಖಾನ್ ಕೂಡ ತಮ್ಮ ಪ್ರಣಯನಾಯಕನ ಸಿದ್ಧಮಾದರಿಯನ್ನು ಗೇಲಿ ಮಾಡಿಕೊಳ್ಳುತ್ತಾರೆ. ಇದು ಸಮ್ಮತಿಯ ನಗೆ. ಇದರಿಂದ ತಾರೆಯ ಜನಪ್ರಿಯತೆ ಕುಂದುವುದಿಲ್ಲ, ಹೆಚ್ಚುತ್ತದೆ. ಮನೋಜ್ ಕುಮಾರ್ ಅವರ ವಿಷಯದಲ್ಲಿ ಹಾಗಾಗಲಿಲ್ಲ. ಮುಖಕ್ಕೆ ಕೈ ಅಡ್ಡ ಹಿಡಿಯುವ ಅವರ ಭಂಗಿಯನ್ನು ಅನುಕರಿಸುವ ಪಾತ್ರವನ್ನು, ಗುರುತು ಸಿಗದ ಕಾರಣ, ಚಿತ್ರದ ಪೊಲೀಸರು ಲಾಠಿಯಿಂದ ಹೊಡೆದಟ್ಟುತ್ತಾರೆ. ಹಿರಿಯ ನಟರು ಆಕ್ಷೇಪಿಸಿದರು, ತಯಾರಕರು ಕ್ಷಮೆ ಕೇಳಿದರು. 2008ರಲ್ಲಿ ಟೆಲಿವಿಷನ್ ಪ್ರಸಾರಕ್ಕೆ ಮುನ್ನ ಪ್ರಕರಣ ನ್ಯಾಯಾಲಯವನ್ನು ಮುಟ್ಟಿತು. 2013ರಲ್ಲಿ ಜಪಾನಿನಲ್ಲಿ ಚಿತ್ರ ಬಿಡುಗಡೆಯಾದಾಗ ವಿವಾದ ಮತ್ತೆ ಎದ್ದಿತು. ಮನೋಜ್ ಕುಮಾರ್ 2025ರಲ್ಲಿ ನಿಧನರಾದರು. ಸ್ವತಃ ನಗಲು ಬಂದವರಿಗೂ ಇತರರ ನಗೆಗೆ ವಸ್ತುವಾದವರಿಗೂ ಇರುವ ಅಂತರವನ್ನು ಈ ಪ್ರಕರಣ ಸ್ಪಷ್ಟಪಡಿಸುತ್ತದೆ. ವಿಡಂಬನೆಗೆ ಪೂರ್ವಾನುಮತಿ ಬೇಕೆಂದು ಇದರಿಂದ ಸಾಧಿಸಬೇಕಾಗಿಲ್ಲ. ಹಾಗಾದರೆ ವಿಡಂಬನೆಯೇ ಉಳಿಯದು. ಆದರೆ ಅಧಿಕಾರದಲ್ಲಿರುವವರನ್ನು ಮುದ್ದಿಸಿ, ಕಾಲ ಸರಿದುಹೋದವರನ್ನು ಹೊಡೆಯುವ ಹಾಸ್ಯವನ್ನು ದಿಟ್ಟತನವೆಂದು ಕರೆಯಲಾಗದು.

ಅದೇ ಚಿತ್ರದ ಕೊನೆಯಲ್ಲಿ ತಂತ್ರಜ್ಞರು, ಸೆಟ್ಟಿನ ಕೆಲಸಗಾರರು ಕೆಂಪು ಹಾಸಿನ ಮೇಲೆ ನಡೆದುಬರುತ್ತಾರೆ. ಇಡೀ ಚಿತ್ರದಲ್ಲಿ ಪ್ರೇಕ್ಷಕನು ಗುರುತಿಸಲಾಗದ ಮುಖಗಳು ಇವು ಮಾತ್ರ. ನಿಜವಾದ 'ಅತಿಥಿ ಪಾತ್ರಗಳು' ಇವರೇ ಎನ್ನಬಹುದು. ಆದರೆ ಅವರಿಗೆ ಸಿಕ್ಕ ಸ್ಥಳ ಕಥೆ ಮುಗಿದ ನಂತರದ್ದು.

ಜೋಯಾ ಅಖ್ತರ್ ಅವರ 'ಲಕ್ ಬೈ ಚಾನ್ಸ್' (2009) ಈ ಕ್ರಮವನ್ನು ತಿರುಗಿಸುತ್ತದೆ. ಶೀರ್ಷಿಕೆಗಳ ಜೊತೆಯಲ್ಲಿಯೇ ಚಿತ್ರೋದ್ಯಮವನ್ನು ನಡೆಸುವ ಅನಾಮಧೇಯ ದುಡಿಮೆಗಾರರು ಕಾಣಿಸಿಕೊಳ್ಳುತ್ತಾರೆ. ಇಲ್ಲಿ ತಾರೆಯರು ಬಂದುಹೋಗುವುದಕ್ಕೂ ಕಥನದ ಅಗತ್ಯವಿದೆ. ನಾಯಕನಟನು ಬಿಟ್ಟುಹೋದ ಪಾತ್ರವನ್ನು ಒಬ್ಬೊಬ್ಬ ಪ್ರಸಿದ್ಧ ನಟನೂ ಜಾಣತನದಿಂದ ನಿರಾಕರಿಸುತ್ತಾನೆ. ಆ ನಿರಾಕರಣೆಗಳಿಂದಲೇ ಹೊರಗಿನವನೊಬ್ಬನಿಗೆ ಬಾಗಿಲು ತೆರೆಯುತ್ತದೆ. ಕಷ್ಟಕಾಲದ ಸಂಗಾತಿಗಳನ್ನು ಮರೆಯಬೇಡವೆಂದು ಶಾರುಖ್ ಖಾನ್ ಹೇಳುವ ಮಾತು ವಿಕ್ರಮನನ್ನು ಸೋನಾಳ ಬಳಿಗೆ ಕಳುಹಿಸುತ್ತದೆ. ಅವಳು ಅವನನ್ನು ಒಪ್ಪುವುದಿಲ್ಲ. ತಾರೆಯ ಉಪದೇಶವೂ ಸೋಲಬಹುದೆಂದು ತೋರಿಸುವ ಧೈರ್ಯ ಈ ಚಿತ್ರಕ್ಕಿದೆ. ಹೊರಗಿನವರ ಈ ಕಥೆಯನ್ನು ಹೇಳಿದವರು ಚಿತ್ರರಂಗದ ಕುಟುಂಬವೊಂದರ ಮಗಳು, ವಿಕ್ರಮನಾಗಿ ನಟಿಸಿದವರು ಆಕೆಯ ಸೋದರ ಫರ್ಹಾನ್ ಎಂಬ ವ್ಯಂಗ್ಯವನ್ನೂ ಮರೆಯಬಾರದು.

ಇದಕ್ಕೂ ಬಹಳ ಹಿಂದೆ, 1971ರಲ್ಲಿ, ಹೃಷಿಕೇಶ ಮುಖರ್ಜಿಯವರ 'ಗುಡ್ಡಿ'ಯಲ್ಲಿ ಧರ್ಮೇಂದ್ರ ಧರ್ಮೇಂದ್ರನಾಗಿಯೇ ಬಂದಿದ್ದರು. ತನ್ನನ್ನು ಆರಾಧಿಸುವ ಶಾಲಾಬಾಲಕಿಯ ಭ್ರಮೆಯನ್ನು ಕಳೆಯುವುದೇ ಅಲ್ಲಿ ಅವರ ಕೆಲಸ. ನಾಯಕನ ಸಾಹಸದ ಹಿಂದೆ ಬೇರೊಬ್ಬನ ಮೈಯಿದೆ, ಅವನಿಗೆ ನೋವಿದೆ ಎಂಬ ತಿಳಿವಳಿಕೆಯತ್ತ ಅವಳನ್ನು ಕರೆದೊಯ್ಯುವ ಸಲುವಾಗಿ ತಾರೆಯು ತನ್ನ ಪ್ರಭೆಯನ್ನೇ ಬಳಸುತ್ತಾನೆ.

ಹಾಗಾಗಿ ತಾರೆಯರ ಸಂಖ್ಯೆ, ಸೂಚನೆಗಳ ಸೂಕ್ಷ್ಮತೆ ಇಂಥ ಚಿತ್ರಗಳ ಮೌಲ್ಯಮಾಪನಕ್ಕೆ ಸಾಲವು. ಬಂದುಹೋದ ಪ್ರಸಿದ್ಧ ಮುಖವು ಅಪ್ರಸಿದ್ಧನತ್ತ ನೋಟವನ್ನು ಹರಿಸಿತೇ, ಅಥವಾ ಆ ನೋಟವನ್ನು ತನ್ನಲ್ಲೇ ಹಿಡಿದಿಟ್ಟುಕೊಂಡಿತೇ ಎಂಬುದು ಮುಖ್ಯ ಪ್ರಶ್ನೆ. ಚಲನಚಿತ್ರವನ್ನು ಪಠ್ಯವಾಗಿ ಓದಿಸುವ ಕನ್ನಡ ತರಗತಿಗಳಲ್ಲಿಯೂ ಸೂಚನೆಗಳ ಪಟ್ಟಿಯನ್ನು ಮಾಡಿಸುವುದಕ್ಕಿಂತ ಮೊದಲು ಈ ಪ್ರಶ್ನೆಯನ್ನು ಕೇಳಿಸುವುದು ಉಚಿತ.