ಕೊನೆಯ ಎಲೆಗೆ ನಮ್ಮದೇ ಮೊದಲ ಬೆಟ್

ನಾವು ನಾಲ್ಕು ಮಂದಿ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನಿಂದ ಬಂದು ಒಂದೇ ಹಾಸ್ಟೆಲ್ ರೂಮಿಗೆ ಬಿದ್ದವರು. ದೀಪಾವಳಿಗೆ ಊರಲ್ಲಿ ದೊಡ್ಡವರು ಅಂದರ್ ಬಾಹರ್ ಆಡೋದನ್ನ ದೂರದಿಂದ ನೋಡಿದ್ವಿ. ಪೋಕರ್ ಕಲಿತದ್ದು ಮಾತ್ರ ಇಲ್ಲೇ. ಶನಿವಾರ ರಾತ್ರಿ, ಪಣಕ್ಕೆ ಬೆಂಕಿಕಡ್ಡಿ, ನಡುವೆ ಸವಣೂರು ಖಾರ.

ರೂಮಿನ ಕಾಯಂ ಜಗಳ ಒಂದೇ. ರಿವರ್, ಅಂದರೆ ಐದನೇ ಎಲೆ ಬಿದ್ದ ಮೇಲೆ, ಹಿಂದಿನ ಸುತ್ತಲ್ಲಿ ಬೆಟ್ ಮಾಡಿದವನಿಗೆ ಚೆಕ್ ಹೇಳದೆ ನಾವೇ ಮುಂದಾಗಿ ಬೆಟ್ ಇಡಬಹುದಾ? ಇದಕ್ಕೆ 'ಡಾಂಕ್ ಬೆಟ್', ಅಂದರೆ ಕತ್ತೆ ಬೆಟ್ ಅಂತ ಹೆಸರು. ನಮ್ಮ ಪ್ರಕಾರ ಹೆಸರೇ ತಪ್ಪು. ಕೆಲವು ಸಲ ಅದೇ ಸರಿಯಾದ ಆಟ.

ಕೈಯಲ್ಲಿ ಎರಡು ಆಟೀನ್, ಕೆಳಗಿನ ನಾಲ್ಕು ಎಲೆಗಳಲ್ಲಿ ಎರಡು ಆಟೀನ್ ಅನ್ಕೊಳ್ಳಿ. ಕಾಣದ 46 ಎಲೆಗಳಲ್ಲಿ ಇನ್ನೂ 9 ಆಟೀನ್ ಇವೆ. ಸುಮಾರು 20% ಅವಕಾಶ. ಬಿತ್ತು! ಈಗ ಚೆಕ್ ಮಾಡಿದ್ರೆ, ನಮ್ಮ ನಂತರ ಆಡೋನು ಮೂರನೇ ಆಟೀನ್ ನೋಡಿ ಹೆದರಿ ತಾನೂ ಚೆಕ್ ಮಾಡ್ತಾನೆ. ನಮ್ಮ ಫ್ಲಶ್‌ಗೆ ಒಂದು ಕಡ್ಡಿನೂ ಹೆಚ್ಚು ಬರಲ್ಲ. ಬೆಟ್ ಇಟ್ಟರೆ, 'ಸುಳ್ಳಿರಬಹುದು' ಅಂತ ಕಾಲ್ ಮಾಡಬಹುದು.

ಆದರೆ ಫ್ಲಶ್ ಬಂದಾಗ ಮಾತ್ರ ಹೀಗೆ ಮಾಡಿದ್ರೆ ಮೂರನೇ ಶನಿವಾರಕ್ಕೆ ಎಲ್ಲರಿಗೂ ಗೊತ್ತಾಗುತ್ತೆ. ನಮ್ಮ ಹಿರೇಕೆರೂರಿನ ಗೆಳೆಯನಿಗೆ ಆದದ್ದು ಅದೇ. ಆದ್ದರಿಂದ ಬ್ಲಫ್ ಬೇಕು, ಲೆಕ್ಕದಲ್ಲಿ ಬೇಕು. ಪಾಟ್ 60, ನಮ್ಮ ಬೆಟ್ 30 ಆದರೆ ಎದುರಿನವನು 30 ಹಾಕಿ 120ರ ಪಾಟಿಗೆ ಆಡ್ತಾನೆ. ನಾಲ್ಕರಲ್ಲಿ ಒಂದು ಗೆದ್ದರೆ ಅವನಿಗೆ ಅಸಲು. ಹಾಗಾಗಿ ಮೂರು ನಿಜದ ಬೆಟ್‌ಗೆ ಒಂದು ಸುಳ್ಳು. ಇನ್ನು ಸಾಧಾರಣ ಜೋಡಿ ಹಿಡ್ಕೊಂಡು ಬೆಟ್ ಇಟ್ಟರೆ ನಮಗಿಂತ ಕಡಿಮೆ ಇದ್ದವರು ಎದ್ದು ಹೋಗ್ತಾರೆ, ಹೆಚ್ಚಿದ್ದವರು ಉಳೀತಾರೆ. ಕತ್ತೆ ಅನ್ನೋದು ಅದಕ್ಕೆ.

ಇಷ್ಟು ಲೆಕ್ಕ ಇರೋ ಆಟ ಜೂಜಾ? 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ, ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೌಶಲದ ಆಟವನ್ನೂ ಜೂಜನ್ನೂ ಒಂದೇ ತಕ್ಕಡಿಗೆ ಹಾಕಬಾರದು ಅನ್ನೋದು ಆ ತೀರ್ಪಿನ ತಿರುಳು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು, ಕೌಶಲವಿರಲಿ ಅದೃಷ್ಟವಿರಲಿ, ಹಣದ ಆನ್‌ಲೈನ್ ಆಟವೇ ಬೇಡ ಅಂದಿತು.

ಮೊದಲಾಗಿದ್ರೆ ನಾವು ಹೈಕೋರ್ಟ್ ಪರವೇ ವಾದಿಸ್ತಿದ್ವಿ. ಆದರೆ ಮೊದಲ ವರ್ಷ ನಮ್ಮಲ್ಲೊಬ್ಬ ಪರೀಕ್ಷೆ ಫೀಸನ್ನ ಒಂದು ಆಪ್‌ನಲ್ಲಿ ಕಳಕೊಂಡ. ಅಪ್ಪ ಗೋವಿನಜೋಳ ಮಾರಿ ಕಳಿಸಿದ ದುಡ್ಡು ಅದು. ಲೆಕ್ಕ ಅವನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ರಾತ್ರಿ ಎರಡು ಗಂಟೆಗೆ, ಸೋತದ್ದನ್ನ ವಾಪಸ್ ತರೋ ಆತುರದಲ್ಲಿ, ಮೂರಕ್ಕೊಂದು ಇರಬೇಕಾದ ಬ್ಲಫ್ ಒಂದಕ್ಕೆ ಮೂರಾಯ್ತು. ಗೆದ್ದ ಪಾಟಿನಲ್ಲೂ ಆಪ್ ತನ್ನ ಪಾಲು ಮುರ್ಕೊಳ್ತಿತ್ತು. ಮನೆಗೆ ವಿಷಯ ಹೇಳೋಕೆ ಅವನಿಗೆ ಎರಡು ವಾರ ಬೇಕಾಯ್ತು.

ಪೋಕರ್ ಕೌಶಲದ ಆಟ, ಒಪ್ಪಿದ್ವಿ. ಆದರೆ ಆ ಕೌಶಲ ತಲೆ ತಣ್ಣಗಿದ್ದಾಗ ಮಾತ್ರ ಇರುತ್ತೆ. ಅಪ್ಪನ ದುಡ್ಡು ಪಾಟಿನಲ್ಲಿದ್ದಾಗ ಹತ್ತೊಂಬತ್ತರ ತಲೆ ತಣ್ಣಗಿರಲ್ಲ. ರಿವರ್‌ನಲ್ಲಿ ಧೈರ್ಯವಾಗಿ ಬೆಟ್ ಇಡೋಣ, ಆದರೆ ಕಡ್ಡಿಯಲ್ಲಿ. ಶನಿವಾರ ನೀವೂ ಬರ್ರಿ. ಕಡ್ಡಿಪೆಟ್ಟಿಗೆ ಮಾತ್ರ ನೀವೇ ತರ್ರಿ.